ಕನ್ನಡಿ ಮೇಸ್ತ್ರಿ ಕೆಡಿಸಿದ ಗೋಡೆ

ಮಳೆಗಾಲ ಬೆನ್ನು ತಿರುಗಿಸಿತ್ತು. ಹೊಲಗಳಲ್ಲಿ ನೀರು ಇಂಗಿ, ಬದುಗಳ ಮೇಲಿನ ಹುಲ್ಲು ಹಳದಿಗೆ ತಿರುಗುತ್ತಿದ್ದ ದಿನಗಳು. ಬಿಸಿಲಿಗೆ ಇನ್ನೂ ಕಾವು ಬಂದಿರಲಿಲ್ಲ. ಗಾರೆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಕಾವು ಹೆಚ್ಚಾದರೆ ಗಾರೆ ಬಿರಿಯುತ್ತದೆ, ತೇವ ಹೆಚ್ಚಾದರೆ ಗೋಡೆಗೆ ಕಚ್ಚುವುದಿಲ್ಲ. ಅಂಗಳದಲ್ಲಿ ಮೇಸ್ತ್ರಿ ಜರಡಿಯನ್ನು ಓರೆಯಾಗಿ ನಿಲ್ಲಿಸಿ ಸಲಿಕೆಯಿಂದ ಮರಳು ಎತ್ತಿ ಎಸೆಯುತ್ತಿದ್ದ. ನಯವಾದ ಮರಳು ಆಚೆ ಬೀಳುತ್ತಿತ್ತು, ಹರಳು ಈಚೆ ಉರುಳುತ್ತಿತ್ತು. ಸೊಸೆ ಬೆಳಗಿನಿಂದ ಒಳಗಿನ ಸಾಮಾನು ಹೊರಗೆ ಸಾಗಿಸುತ್ತಿದ್ದಳು. ಮಂಚ, ಪೆಟ್ಟಿಗೆ, ಡಬ್ಬಗಳ ಸಾಲು, ಕಾಲು ಮುರಿದ ಸ್ಟೂಲು. ಆ ಸ್ಟೂಲನ್ನು ಮುಟ್ಟಿದ ಸದ್ದಿಗೇ ಜಗಲಿಯ ಮೇಲೆ ಕೂತಿದ್ದ ಅತ್ತೆ ತಲೆ ಎತ್ತಿದರು.

"ಅದನ್ನ ಎಲ್ಲಿಡ್ತಿದೀಯ?"

"ಎಲ್ಲೂ ಇಲ್ಲ ಅತ್ತೆ, ಹೊರಗೆ. ಕೆಲಸ ಮುಗಿದ ಮೇಲೆ ಎಲ್ಲಿತ್ತೋ ಅಲ್ಲೇ ಇಡ್ತೀನಿ."

"ಹೂಂ. ಎಲ್ಲಿತ್ತೋ ಅಲ್ಲೇ ಇರಬೇಕು. ಒಂದು ಚೂರು ಆಚೆ ಈಚೆ ಆಗಬಾರದು."

ಸೊಸೆ ಸ್ಟೂಲನ್ನು ಹೊರಗೊಯ್ದಳು. ಈ ಮನೆಗೆ ಬಂದಾಗಿನಿಂದ ಅವಳಿಗೆ ಇದ್ದ ಆಸೆ ಒಂದೇ, ಗೋಡೆ. ನಡುಮನೆಯ ಗೋಡೆ ಮುದುಕರ ಬೆನ್ನಿನ ಹಾಗಿತ್ತು. ಒಂದು ಕಡೆ ಉಬ್ಬು, ಒಂದು ಕಡೆ ಗುಂಡಿ, ಮಳೆ ಬಂದಾಗಲೆಲ್ಲ ಹೊಪ್ಪಳೆ ಎದ್ದು ಉದುರುವ ಮಣ್ಣು. ಊಟದ ತಟ್ಟೆಯಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು. ಅತ್ತೆ ಮಾತ್ರ ಗೋಡೆಯ ಮಾತು ಬಂದರೆ ಉರಿದು ಬೀಳುತ್ತಿದ್ದರು. "ಗೋಡೆ ಬಿದ್ದು ಯಾರೂ ಸತ್ತಿಲ್ಲ. ನಾನು ಇರೋ ತನಕ ಹಾಗೇ ಇರಲಿ." ಗಂಡ ಹಾಲಿನ ವ್ಯಾನು ಓಡಿಸುವವನು, ಕತ್ತಲಿರುವಾಗಲೇ ಹೊರಟು ಸಂಜೆಗೆ ಮನೆ ಸೇರುತ್ತಿದ್ದ. ಹೆಂಡತಿ ಅವನ ಕಿವಿಯಲ್ಲಿ ಗೋಡೆ ಎಂದರೆ "ಅಮ್ಮನ್ನ ಕೇಳು" ಎನ್ನುತ್ತಿದ್ದ, ಅಮ್ಮ ಬೇಡ ಎಂದರೆ "ಅವಳನ್ನ ಕೇಳು" ಎಂದು ಚಾದರ ಎಳೆದುಕೊಳ್ಳುತ್ತಿದ್ದ. ಈ ಸಲದ ಮಳೆಗೆ ಮಲಗಿದ್ದ ಮಗುವಿನ ಪಕ್ಕದಲ್ಲೇ ಅಂಗೈ ಅಗಲದ ಹೆಂಟೆ ಕಳಚಿ ಬಿತ್ತು. ಆಮೇಲೆ ಸೊಸೆ ಯಾರನ್ನೂ ಕೇಳಲಿಲ್ಲ. ತಾನೇ ಹೋಗಿ ಮೇಸ್ತ್ರಿಗೆ ಹೇಳಿ ಬಂದಳು.

ಹೇಳಿ ಬಂದಳೇನೋ ನಿಜ, ಒಳಗೊಳಗೆ ಹೆದರಿಕೆಯೂ ಇತ್ತು. ಅವಳು ಊರಾಚೆಯ ಸಸಿ ತೋಟದಲ್ಲಿ ಗಿಡಗಳಿಗೆ ಕಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಕಟ್ಟಿದ ಕಸಿ ನೂರಕ್ಕೆ ತೊಂಬತ್ತು ಚಿಗುರುತ್ತದೆ ಎಂದು ತೋಟದ ಯಜಮಾನ ಹತ್ತು ಜನರ ಎದುರು ಹೇಳಿದ್ದ. ಹೆರಿಗೆಗೆ ಬಿಟ್ಟ ಆ ಕೆಲಸಕ್ಕೆ ಅವಳು ಮತ್ತೆ ಹೋಗುವಂತಾದದ್ದು ಅತ್ತೆ "ಮಗೂನ ನಾನು ನೋಡ್ಕೋತೀನಿ, ಹೋಗು" ಎಂದಿದ್ದರಿಂದ. ಈಗ ಗೋಡೆಯ ಸಿಟ್ಟಿಗೆ "ನಿನ್ನ ಮಗು ನೀನೇ ನೋಡ್ಕೋ" ಎಂದುಬಿಟ್ಟರೆ ಕೆಲಸವೂ ಹೋಯಿತು, ಕೈಯ ಕಸುಬೂ ಹೋಯಿತು. ಗೋಡೆಯೂ ಬೇಕು, ಅತ್ತೆಯೂ ಬೇಕು. ಅವಳು ಆ ವಾರ ಅತ್ತೆಯ ಮಾತಿಗೆ ಒಂದೇ ಒಂದು ಎದುರು ಮಾತೂ ಆಡದೆ ನಾಲಿಗೆ ಕಚ್ಚಿಕೊಂಡು ಓಡಾಡಿದಳು.

ಮೇಸ್ತ್ರಿಗೆ ಸುತ್ತಲಿನ ಊರುಗಳಲ್ಲೆಲ್ಲ ಕನ್ನಡಿ ಮೇಸ್ತ್ರಿ ಎಂದೇ ಹೆಸರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಸಾರಿಕೊಂಡು ಬಂದವನು ಮಾತ್ರ ಅವನೇ ಎಂದು ಜನ ನಗುತ್ತಿದ್ದರು.

"ಅಕ್ಕಾ, ನಾನು ಮುಗಿಸಿದ ಗೋಡೆ ಹತ್ತೋಕೆ ಹೋದ ಇರುವೆ ಜಾರಿ ಬೀಳ್ಬೇಕು. ಹಂಗಿರುತ್ತೆ ಕೆಲಸ."

"ಇರುವೆ ಬಿದ್ರೆ ನಮಗೇನು ಬಂತು," ಎಂದರು ಅತ್ತೆ ಜಗಲಿಯಿಂದ. "ನೀನು ಬೀಳದಿದ್ರೆ ಸಾಕು. ಏಣಿ ಕಿರಗುಟ್ತಿದೆ."

"ನಿಮ್ಮ ಕಿವಿ ಚುರುಕು ಬಿಡಿ ಅಜ್ಜಿ."

"ಕಿವಿ ಇರಲಿ. ಅಡಿಗೆಮನೆ ಬಾಗಿಲ ಹತ್ರ ಒಂದು ಬಿರುಕಿದೆಯಲ್ಲ, ಅದನ್ನ ಹಾಗೇ ಬಿಟ್ಬಿಡು."

ಮೇಸ್ತ್ರಿ ಸಲಿಕೆ ಊರಿ ನಿಂತ. "ಬಿರುಕು ಬಿಡೋದಾ? ಅಜ್ಜಿ, ಹೊಸ ಅಂಗಿ ಹೊಲಿಸಿ ಹಳೇ ತೂತು ಹಾಗೇ ಇರಲಿ ಅಂತ ದರ್ಜಿಗೆ ಹೇಳ್ತೀರಾ?"

"ನನ್ನ ಅಂಗಿ, ನನ್ನ ತೂತು."

"ನಾಳೆ ಯಾರಾದ್ರೂ ನೋಡಿದ್ರೆ ಇದು ಕನ್ನಡಿ ಮೇಸ್ತ್ರಿ ಕೆಲಸಾನಾ ಅಂತ ಉಗೀತಾರೆ ನನಗೆ."

ಸೊಸೆ ಮೇಸ್ತ್ರಿಗೆ ಕಣ್ಣಲ್ಲೇ ಸನ್ನೆ ಮಾಡಿದಳು, ಸುಮ್ಮನೆ ಹೂಂ ಅನ್ನು ಎಂದು. ಅತ್ತೆಯ ಎದುರಿಗೇ ನಿಂತು ಮಾಡಿದ ಸನ್ನೆ. ಅತ್ತೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಇದು ಅವಳಿಗೆ ಆಮೇಲೆ ಎಷ್ಟೋ ಸಲ ನೆನಪಾಯಿತು.

ಹಳೆಯ ಗಾರೆ ಕೆತ್ತಲು ಶುರುವಾಯಿತು. ಚಾಣ ಸುತ್ತಿಗೆಗಳ ಸದ್ದಿಗೆ ಅತ್ತೆ ಒಂದೊಂದೇ ಕೇಳುತ್ತಿದ್ದರು. "ಈಗ ಯಾವ ಕಡೆ? ಕೋಣೆ ಬಾಗಿಲ ಪಕ್ಕಾನಾ? ಹಿತ್ತಿಲ ಬಾಗಿಲ ಹತ್ರ ಬಂದ್ನಾ?" ಮಗು ಅವರ ಸುತ್ತ ಓಡಾಡುತ್ತಿತ್ತು. ಹೆಜ್ಜೆ ಇಟ್ಟರೆ ಕೀಂ ಎನ್ನುವ ಶೂ ಅದರ ಕಾಲಿಗೆ. ಅದನ್ನು ತರಿಸಿದ್ದು ಅತ್ತೆಯೇ. ಮನೆಯೊಳಗೂ ಬಿಚ್ಚಲು ಬಿಡುತ್ತಿರಲಿಲ್ಲ. ಎರಡು ವರ್ಷ ತುಂಬಿದ ಮಗುವನ್ನು ಮನೆಮಂದಿ ಮರಿ ಎಂದು ಕರೆಯುತ್ತಿದ್ದರು. ಗಂಡ ಮಾತ್ರ ತಲೆನೋವು ಬಂದ ದಿನ ಕೀಂಕೀಂ ಸಾಹೇಬರು ಎನ್ನುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಒಳಗಿನಿಂದ ಕೂಗಿದ. "ಅಕ್ಕಾ, ಮನೆಯೊಳಗೆ ಎಮ್ಮೆ ಕಟ್ತಿದ್ರಾ?"

"ಯಾಕೆ?"

"ಕೊಟ್ಟಿಗೆ ಗೋಡೆ ನೋಡಿದೀರಲ್ಲ, ದನ ಮೈ ಉಜ್ಜಿ ಉಜ್ಜಿ ಹೊಳಪು ಬಂದಿರುತ್ತೆ. ಇಲ್ಲಿ ನೋಡಿ."

ಅವಳು ಹೋಗಿ ನೋಡಿದಳು. ಮಲಗುವ ಕೋಣೆಯ ಬಾಗಿಲಿನಿಂದ ಶುರುವಾಗಿ, ಸಾಮಾನಿನ ಕೋಣೆ ದಾಟಿ, ಅಡಿಗೆಮನೆ ದಾಟಿ, ಹಿತ್ತಿಲ ಬಾಗಿಲಿನವರೆಗೆ ಗೋಡೆಯ ಮೇಲೆ ಮೊಣಕೈ ಎತ್ತರದಲ್ಲಿ ಒಂದು ಪಟ್ಟಿ. ಅಂಗೈ ಅಗಲ. ಮಣ್ಣಿನ ಬಣ್ಣ ಕಪ್ಪಾಗಿ, ಜಿಡ್ಡು ಕೂತು, ಓರೆ ಬೆಳಕಿಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ದಿನಾ ಈ ಗೋಡೆಯ ಪಕ್ಕದಲ್ಲೇ ಓಡಾಡಿದ್ದಳು. ಉದುರುವ ಮಣ್ಣು ಕಂಡಿತ್ತು, ಇದು ಕಂಡಿರಲಿಲ್ಲ.

"ಇದರ ಮೇಲೆ ಗಾರೆ ನಿಲ್ಲಲ್ಲ ಅಕ್ಕಾ. ಪೂರಾ ಕೆತ್ತಿ ತೆಗೀಬೇಕು."

"ತೆಗೀರಿ ತೆಗೀರಿ. ನಮ್ಮತ್ತೆ ತಲೆಗೆ ಎಣ್ಣೆ ಹಚ್ಕೊಂಡು ಗೋಡೆಗೆ ಕೈ ಒರೆಸಿರೋದು, ಇನ್ನೇನು." ಜಗಲಿಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದಳು. ಇಷ್ಟು ದಿನ ನಾಲಿಗೆ ಕಚ್ಚಿಕೊಂಡಿದ್ದಕ್ಕೆ ಇಷ್ಟಾದರೂ ಬೇಡವೇ.

ಅತ್ತೆ ತಿರುಗಿ ಎರಡು ಮಾತು ಬಿಸಾಡುತ್ತಾರೆಂದು ಕಾದಳು. ಬಿಸಾಡಲಿಲ್ಲ. "ಮರಿ ಶೂ ಹಾಕ್ಕೊಂಡಿದಾಳೇನೇ?" ಎಂದಷ್ಟೇ ಕೇಳಿದರು.

ಕೆಲಸ ಮುಗಿಯುವ ತನಕ ಮನೆಮಂದಿ ಜಗಲಿಯಲ್ಲೇ ಮಲಗಿದರು, ಜಗಲಿಯ ಮೂಲೆಯಲ್ಲೇ ಒಲೆ ಇಟ್ಟುಕೊಂಡರು. ತೋಟಕ್ಕೆ ರಜೆ ಹೇಳಿದ್ದ ಸೊಸೆ ಬೆಳಿಗ್ಗೆ ಸಂಜೆ ಹೊಸ ಗಾರೆಗೆ ನೀರು ಎರಚಿದಳು. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ನೋಡಿ, ಉಜ್ಜುವ ಹಲಗೆಯಿಂದ ಉಜ್ಜಿ, ಕರಣೆಯ ಬೆನ್ನಿನಿಂದ ಸವರಿ, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಹತ್ತಿರ ಹೋಗಿ ಸವರಿದ. ಅಡಿಗೆಮನೆ ಬಾಗಿಲ ಬಳಿಯ ಬಿರುಕು ಮುಚ್ಚಿತು, ಬಾಗಿಲುಗಳ ಮುರುಕು ಅಂಚುಗಳೆಲ್ಲ ಒಂದೇ ಸಮ ಆದವು. ಹಿತ್ತಿಲ ಬಾಗಿಲ ಪಕ್ಕದಲ್ಲಿದ್ದ ಹಳೆಯ ಗೂಡು, ದೀಪ ಇಡುತ್ತಿದ್ದದ್ದು, ಈಗ ಯಾತಕ್ಕೂ ಬೇಡವೆಂದು ಸೊಸೆಯೇ ಹೇಳಿ ಮುಚ್ಚಿಸಿದಳು. ಕೊನೆಗೆ ಬಿಳಿ ಸುಣ್ಣ ಬಿತ್ತು. ಮನೆಯೊಳಗೆ ಕಾಲಿಟ್ಟರೆ ಹಾಲು ಚೆಲ್ಲಿದ ಹಾಗೆ ಬೆಳಕು.

ಕರಣೆ ತೊಳೆದು ಒರೆಸಿಕೊಳ್ಳುತ್ತ ಮೇಸ್ತ್ರಿ ಅಂದ, "ಅಜ್ಜಿ, ಬನ್ನಿ ಒಳಗೆ. ಕೈಯಾಡಿಸಿ ನೋಡಿ. ಈ ಗೋಡೆ ಮೇಲೆ ಎಲ್ಲಾದ್ರೂ ನಿಮ್ಮ ಕೈಗೆ ಒಂದು ಉಬ್ಬು ಸಿಕ್ಕಿದ್ರೆ, ಹಿತ್ತಿಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಕಟ್ಟೆ ಒಡೆದು ಹೋಗಿದೆಯಲ್ಲ, ಅದಕ್ಕೆ ಪುಕ್ಕಟೆ ಗಾರೆ ಹಾಕಿ ಕೊಡ್ತೀನಿ. ಮಾತು ಅಂದ್ರೆ ಮಾತು."

ಅತ್ತೆ ಬಂದರು. ಅಂಗೈಯನ್ನು ಗೋಡೆಗೆ ಇಟ್ಟರು. ಒಂದು ಕೈಯಲ್ಲ, ಎರಡೂ ಕೈ. ನಿಧಾನಕ್ಕೆ ಸರಿಯುತ್ತ ಹೋದರು. ಮೇಸ್ತ್ರಿ ಹಿಂದಿನಿಂದ "ನೋಡ್ಕೊಳ್ಳಿ, ನೋಡ್ಕೊಳ್ಳಿ" ಎನ್ನುತ್ತ ಮದುಮಗನ ಹಾಗೆ ನಡೆದ. ಮೂಲೆಯ ತನಕ ಹೋಗಿ ಅತ್ತೆ ನಿಂತರು.

"ಏನೂ ಸಿಗಲಿಲ್ಲ," ಎಂದರು.

"ಸಿಗಲ್ಲ ಅಜ್ಜಿ. ಕಟ್ಟೆ ಖರ್ಚು ಉಳೀತು ನನಗೆ." ಅವನು ಸೊಸೆಯ ಕಡೆ ನೋಡಿ ನಕ್ಕ. ಅವಳೂ ನಕ್ಕಳು. ಅತ್ತೆಯ ಕೈ ಇನ್ನೂ ಗೋಡೆಯ ಮೇಲೇ ಇತ್ತು. ಮೆಚ್ಚಿಕೊಂಡರು, ಬಾಯಿಬಿಟ್ಟು ಹೇಳಲು ಬಿಗುಮಾನ, ಎಂದು ಸೊಸೆ ತಿಳಿದಳು. ಅವಳ ಎದೆಯ ಭಾರ ಇಳಿಯಿತು. ಸಂಜೆ ಸಾಮಾನೆಲ್ಲ ಒಳಗೆ ಬಂತು. ಸ್ಟೂಲನ್ನು ಎಲ್ಲಿತ್ತೋ ಅಲ್ಲಿ ಇಡಲು ಹೋದಳು, ಎಲ್ಲಿತ್ತೆಂದು ತೋರಿಸುವ ಕಲೆ ಗೋಡೆಯ ಮೇಲೆ ಇರಲಿಲ್ಲ. ಅಂದಾಜಿನ ಮೇಲೆ ಇಟ್ಟಳು.

ಮರುದಿನ ಅವಳು ತೋಟಕ್ಕೆ ಹೊರಟಳು. ಗೋಡೆ ಆರಲಿ ಎಂದು ಕಿಟಕಿಗಳನ್ನೂ ಹಿತ್ತಿಲ ಬಾಗಿಲನ್ನೂ ತೆರೆದಿಟ್ಟು, ಮಗುವಿನ ಹಾಲನ್ನು ಒಲೆಯ ಮೇಲೆ ಸಣ್ಣ ಉರಿಗೆ ಇಟ್ಟು, "ಹಾಲು ಇಟ್ಟಿದೀನಿ ಅತ್ತೆ" ಎಂದು ಕೂಗಿ ಹೋದಳು. ಊರ ಅಂಚು ದಾಟಿದ ಮೇಲೆ ಚೀಲ ತಡಕಿದರೆ ಕಸಿ ಚಾಕು ಇಲ್ಲ. ಬೇರೆಯವರ ಚಾಕು ಅವಳ ಕೈಗೆ ಕೂರುತ್ತಿರಲಿಲ್ಲ. ಬೈದುಕೊಳ್ಳುತ್ತ ತಿರುಗಿ ಬಂದಳು.

ಅಂಗಳಕ್ಕೆ ಬರುವಾಗಲೇ ಹಾಲು ಸೀದ ವಾಸನೆ ಮೂಗಿಗೆ ಬಡಿಯಿತು. ಜಗಲಿ ಹತ್ತಿ ಹೊಸ್ತಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತಳು.

ನಡುಮನೆಯ ತುಂಬ ಹೊಗೆ ಆಡುತ್ತಿತ್ತು. ಅತ್ತೆ ಮಗುವನ್ನು ಒಂದು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದರು. ಒಂದು ಬಾಗಿಲು ಸಿಕ್ಕಿತು. ಒಳಗೆ ಹೋದರು. ಅದು ಸಾಮಾನಿನ ಕೋಣೆ. ಡಬ್ಬ ಉರುಳಿದ ಸದ್ದಾಯಿತು. ಹೊರಗೆ ಬಂದು, ಅದರ ಅಂಚನ್ನು ಮೇಲಿಂದ ಕೆಳಗೆ ಸವರಿ, ಮತ್ತೆ ಗೋಡೆ ಹಿಡಿದರು. ಮುಂದಿನ ಬಾಗಿಲು ಮಲಗುವ ಕೋಣೆಯದು. ಅದರೊಳಗೂ ಹೋಗಿ ಬಂದರು. ಅಡಿಗೆಮನೆ ಅವರ ಬೆನ್ನ ಹಿಂದೆಯೇ ಇತ್ತು, ಒಲೆಯ ಉರಿ ಇಲ್ಲಿಂದಲೇ ಕಾಣುತ್ತಿತ್ತು. ತುಟಿ ಅಲುಗುತ್ತಿತ್ತು. "ಎಲ್ಲಿ ಹೋಯ್ತು... ಇಲ್ಲೇ ಇತ್ತಲ್ಲ... ಇಲ್ಲೇ..."

ಸೊಸೆಗೆ ಮೊದಲು ಏನೂ ಅರ್ಥವಾಗಲಿಲ್ಲ. ಏನು ಹುಡುಕುತ್ತಿದ್ದಾರೆ? ಯಾಕೆ ಒಲೆ ಆರಿಸುತ್ತಿಲ್ಲ? ಅತ್ತೆ ಸುತ್ತು ಹಾಕಿ ತಲೆಬಾಗಿಲ ಕಡೆಗೇ ಬಂದರು. ಎದುರೆದುರಿಗೆ ಬಂದರು. ಕಣ್ಣು ನೇರವಾಗಿ ಸೊಸೆಯ ಮುಖದ ಮೇಲಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಗು ಅವಳ ಕಡೆ ಕೈ ಚಾಚಿ "ಅಮ್ಮ" ಎಂದಿತು.

"ಅಮ್ಮ ಕೆಲಸಕ್ಕೆ ಹೋಗಿದಾಳೆ ಕಂದ," ಅಂದರು ಅತ್ತೆ, ಅವಳ ಮುಖವನ್ನೇ ನೋಡುತ್ತ. "ಸಂಜೆಗೆ ಬರ್ತಾಳೆ."

ಅವರ ಉಸಿರು ಅವಳ ಕೆನ್ನೆಗೆ ತಾಗಿತು. ತಾಗಿ, ತಿರುಗಿ, ಅತ್ತೆ ಮುಂದಕ್ಕೆ ಹೋದರು.

ಅವಳು ನಿಂತೇ ಇದ್ದಳು. ಗೋಡೆಯ ಮೇಲೆ ಜಾರುತ್ತಿದ್ದ ಆ ಅಂಗೈ ಮಾತ್ರ ಕಾಣುತ್ತಿತ್ತು, ಮೊಣಕೈ ಎತ್ತರದಲ್ಲಿ. ಕೆತ್ತಿ ಎಸೆದ ಆ ಹೊಳೆಯುವ ಪಟ್ಟಿ ಎಲ್ಲಿತ್ತೋ ಸರಿಯಾಗಿ ಅಲ್ಲೇ.

ಅತ್ತೆಗೆ ಇನ್ನೊಂದು ಬಾಗಿಲು ಸಿಕ್ಕಿತು. "ಹಾಂ, ಇದೇ," ಎಂದರು, ಬಿಡುಗಡೆಯಾದವರ ಹಾಗೆ. ಅದು ಹಿತ್ತಿಲ ಬಾಗಿಲು. ಅದರಾಚೆ ಎರಡು ಮೆಟ್ಟಿಲು, ಕೆಳಗೆ ಒಗೆಯುವ ಕಲ್ಲು, ಅದರ ಪಕ್ಕ ಬಾಯಿ ತೆರೆದ ನೀರಿನ ತೊಟ್ಟಿ. ಅತ್ತೆ ಅಡಿಗೆಮನೆಯ ಸಮ ನೆಲಕ್ಕೆಂದು ಧೈರ್ಯವಾಗಿ ಕಾಲು ಮುಂದಿಟ್ಟರು.

ಸೊಸೆ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಸ್ಟೂಲು ಕಾಲಿಗೆ ಬಡಿದು ಉರುಳಿತು. ಅತ್ತೆಯ ತೋಳು ಕೈಗೆ ಸಿಕ್ಕಿತು, ಎಳೆದಳು, ಮೂವರೂ ಹೊಸ್ತಿಲ ಒಳಗೆ ಕುಸಿದು ಕೂತರು. ಮಗು ಇದು ಆಟವೆಂದು ನಕ್ಕಿತು.

ಅತ್ತೆ ತಮ್ಮ ತೋಳು ಹಿಡಿದಿದ್ದ ಕೈಯನ್ನು ಮುಟ್ಟಿ ನೋಡಿದರು. ಕಸಿ ಕಟ್ಟುವ ಹೆಬ್ಬೆರಳಿನ ಮೇಲೆ ಚಾಕುವಿನ ಗೆರೆಗಳು.

"ನೀನಾ," ಎಂದರು. ಆಮೇಲೆ, "ಹಾಲು ಉಕ್ಕಿತು ಕಣೇ. ಒಲೆ ಆರಿಸು," ಎಂದರು.

ಅವಳು ಎದ್ದು ಒಲೆ ಆರಿಸಿದಳು. ಪಾತ್ರೆಯ ತಳ ಇದ್ದಿಲಾಗಿತ್ತು. ಅದನ್ನು ಕೆಳಗಿಳಿಸಿ, ಕೈ ಸುಟ್ಟುಕೊಂಡು, ಸುಟ್ಟದ್ದೂ ತಿಳಿಯದೆ ಬಂದು ಅತ್ತೆಯ ಎದುರು ಕೂತಳು. ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ಎಷ್ಟು ದಿನ ಆಯ್ತು?"

ಅತ್ತೆ ಉರುಳಿದ್ದ ಸ್ಟೂಲನ್ನು ತಡಕಿ ಹತ್ತಿರಕ್ಕೆ ಎಳೆದುಕೊಂಡರು.

"ಕೇಳ್ತಿದೀನಿ ಅತ್ತೆ. ಕಣ್ಣು ಎಷ್ಟು ದಿನದಿಂದ ಹೀಗೆ?"

"ಒಂದೇ ಸಲ ಆಗಿದ್ದಲ್ಲ. ಅಂಚಿಂದ ಒಳಗೊಳಗೆ ಬಂತು, ಹೊಗೆ ಬಂದ ಹಾಗೆ. ಬೆಳಕು ಕತ್ತಲೆ ಗೊತ್ತಾಗುತ್ತೆ. ಗೋಡೆ ಕಪ್ಪಿತ್ತಲ್ಲ, ಬಾಗಿಲು ಬೆಳ್ಳಗೆ ಕಾಣ್ತಿತ್ತು. ಈಗ ಎಲ್ಲಾನೂ ಬಿಳಿ ಮಾಡಿಟ್ಟಿದೀಯ."

"ಮರಿ ಹುಟ್ಟಿದಾಗ?"

"ಆಗ ಆಗಲೇ ಹೋಗಿತ್ತು."

ಸೊಸೆ ಮಡಿಲಲ್ಲಿದ್ದ ಮಗುವಿನ ಮುಖ ನೋಡಿದಳು. ಹೆರಿಗೆಯಾಗಿ ಮನೆಗೆ ಬಂದ ದಿನ ಅತ್ತೆ ಮಗುವನ್ನು ಎತ್ತಿಕೊಂಡು ಅದರ ಮುಖದ ಮೇಲೆಲ್ಲ ಬೆರಳಾಡಿಸಿ, "ಮೂಗು ನಿನ್ನದೇ ಕಣೇ, ಕಿವಿ ನಮ್ಮವನದು" ಎಂದಿದ್ದರು. ಎಷ್ಟು ಅಕ್ಕರೆ ಎಂದು ಅವಳ ಕಣ್ಣು ತುಂಬಿತ್ತು.

"ಹಾಗಾದ್ರೆ ನೀವು ಇವಳನ್ನ ನೋಡೇ ಇಲ್ಲ."

"ನೋಡಿದೀನಿ," ಎಂದರು ಅತ್ತೆ. ಕೈ ಮುಂದೆ ಬಂತು, ಮಗುವಿನ ಗಲ್ಲ ಸಿಗದೆ ಗಾಳಿಯಲ್ಲಿ ನಿಂತಿತು. ಸೊಸೆ ಮಗುವನ್ನು ತನಗೇ ತಿಳಿಯದೆ ಹಿಂದಕ್ಕೆ ಒತ್ತಿ ಹಿಡಿದಿದ್ದಳು.

ಅವಳಿಗೆ ಸಿಟ್ಟು ಬಂದದ್ದು ಆಗ. "ಕಣ್ಣು ಕಾಣದವರ ಕೈಗೆ ಮಗು ಕೊಟ್ಟು ನಾನು ದಿನಾ ಹೋಗ್ತಿದ್ದೆ. ಒಲೆ ಇತ್ತು. ತೊಟ್ಟಿ ಇತ್ತು. ಏನಾದ್ರೂ ಆಗಿದ್ರೆ? ನನಗೆ ಒಂದು ಮಾತು ಹೇಳಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ಹೋಗ್ತಿದ್ದೆಯಾ ಕೆಲಸಕ್ಕೆ?"

ಸುಟ್ಟ ಕೈ ಈಗ ಉರಿಯಿತು, ಅವಳು ಅದನ್ನು ಸೆರಗಲ್ಲಿ ಸುತ್ತಿಕೊಂಡಳು.

"ನೀನು ಕೆಲಸ ಬಿಟ್ಟು ಕೂತಿದ್ದಾಗ ಕೈ ಕೈ ಹಿಸುಕ್ಕೋತಿದ್ದೆ. ಕೇಳಿಸ್ತಿತ್ತು ನನಗೆ. ಆಮೇಲೆ ಇವಳನ್ನ ನನ್ನ ಕೈಗೆ ಕೊಟ್ಟೆ. ಕುರುಡಿ ಅಂತ ಗೊತ್ತಾದ್ರೆ ಯಾರು ಕೊಡ್ತಾರೆ ಹೇಳು? ಮೂಲೇಲಿ ಕೂರಿಸಿ ಅನ್ನ ಹಾಕ್ತಿದ್ರಿ." ಅತ್ತೆ ಮೂಗು ಒರೆಸಿಕೊಂಡರು. "ಏನೂ ಆಗಿಲ್ಲವಲ್ಲ. ಈ ಮನೇಲಿ ಯಾವ ಉಬ್ಬು ದಾಟಿದ್ರೆ ಏನು ಬರುತ್ತೆ ಅಂತ ಕೈಗೆ ಗೊತ್ತಿತ್ತು. ಬಿರುಕು ಸಿಕ್ಕಿದ್ರೆ ಅಡಿಗೆಮನೆ. ಗೂಡು ಸಿಕ್ಕಿದ್ರೆ ನಿಲ್ಲು, ಮೆಟ್ಟಿಲು. ಹೊಸ ಗೋಡೇನೂ ನಿಧಾನಕ್ಕೆ ಕಲಿತುಬಿಡ್ತೀನಿ ಅಂದ್ಕೊಂಡೆ. ಅದರಲ್ಲಿ ಕಲಿಯೋಕೆ ಏನೂ ಇಲ್ಲ ಕಣೇ."

ಸ್ಟೂಲು ಮುಟ್ಟಿದರೆ ಬೈಗುಳ, ಉಪ್ಪಿನ ಡಬ್ಬ ಜಾಗ ಬದಲಿಸಿದರೆ ಬೈಗುಳ, ಅಕ್ಕಿ ಆರಿಸು ಎಂದರೆ ಮಂಡಿನೋವು. ಎಲ್ಲದಕ್ಕೂ ಸಿಡುಕುವವರ ಒಂದು ಸಿಡುಕಿನ ಹಿಂದೆ ಏನಿದೆ ಎಂದು ಯಾರು ನೋಡುತ್ತಾರೆ? ಅವಳು ಚಿಗುರು ನೋಡಿ ಗಿಡದ ರೋಗ ಹೇಳುವವಳು. ಒಂದೇ ಒಲೆಯ ಮುಂದೆ ಎದುರುಬದುರು ಕೂತು ಉಂಡವರ ಕಣ್ಣು ಅವಳಿಗೆ ತಿಳಿದಿರಲಿಲ್ಲ.

ಸಂಜೆ ಗಂಡ ಬಂದ. ಹೆಂಡತಿ ಹೇಳಿದ್ದನ್ನು ಕೇಳಿ ಅವನ ಕೈಯಿಂದ ವ್ಯಾನಿನ ಬೀಗದಕೈ ಬಿತ್ತು. "ಸುಮ್ನಿರೇ, ಏನೇನೋ ಹೇಳ್ಬೇಡ" ಎಂದ. ಅಮ್ಮನ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತು, ಸದ್ದಿಲ್ಲದೆ ಅವರ ಮುಖದ ಮುಂದೆ ಕೈ ಆಡಿಸಿದ.

"ಬೀಸಣಿಗೆ ಬೀಸಿದ್ದು ಸಾಕು," ಅಂದರು ಅಮ್ಮ. "ಹಾಲಿನ ವಾಸನೆ ಕೈ, ತೊಳ್ಕೊಂಡು ಬಾ."

ಅವನು ಎದ್ದು ಅಂಗಳಕ್ಕೆ ಹೋದ. ಕತ್ತಲಾಗುವ ತನಕ ವ್ಯಾನಿನ ಗಾಜನ್ನು ಒರೆಸುತ್ತಲೇ ಇದ್ದ.

ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಹೋದದ್ದು ಬರುವುದಿಲ್ಲ, ಉಳಿದಿರುವ ಚೂರು ಬೆಳಕು ಉಳಿಸಿಕೊಳ್ಳಲು ಈ ಹನಿ ಹಾಕಿ ಎಂದರು. ಸೊಸೆ ತೋಟಕ್ಕೆ ಹೋಗುವುದನ್ನು ನಿಲ್ಲಿಸಿದಳು. ಯಾರೂ ಹೇಳಲಿಲ್ಲ, ಅವಳೇ ನಿಲ್ಲಿಸಿದಳು. ಮನೆ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಕಾಳು ಮಣ್ಣು ಉದುರುತ್ತಿರಲಿಲ್ಲ. ಅತ್ತೆ ಕೂತಲ್ಲಿಂದ ಏಳುತ್ತಿರಲಿಲ್ಲ. ಬಯ್ಯುತ್ತಲೂ ಇರಲಿಲ್ಲ. ಮೊನ್ನೆಯವರೆಗೆ ಮನೆಯೆಲ್ಲ ತಿರುಗುತ್ತಿದ್ದ ಹೆಂಗಸು ನೀರು ಕುಡಿಯಬೇಕಾದರೆ "ಸ್ವಲ್ಪ ಕೊಡ್ತೀಯಾ" ಎಂದು ಕೇಳುವಂತಾಗಿದ್ದರು. ಆ ದನಿ ಕೇಳಿದಾಗಲೆಲ್ಲ ಸೊಸೆ ಕೈಲಿದ್ದ ಕೆಲಸ ಬಿಟ್ಟು ಓಡಿ ಬಂದು ಲೋಟ ಕೊಡುತ್ತಿದ್ದಳು. ತೋಟದಿಂದ ಯಜಮಾನ ಹೇಳಿ ಕಳಿಸಿದ, ಬರುತ್ತೀಯೋ ಇಲ್ಲವೋ, ಇಲ್ಲವಾದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು.

ಅವತ್ತು ಅವಳು ಮತ್ತೆ ಮೇಸ್ತ್ರಿಯ ಮನೆಗೆ ಹೋದಳು.

"ಉಬ್ಬು ಹಾಕ್ಬೇಕಾ? ನನ್ನ ಗೋಡೆ ಮೇಲಾ?" ಅವನು ಸೈಕಲ್ಲು ಹಿಡಿದು ನಿಂತವನು ಅದನ್ನು ಗೋಡೆಗೆ ಒರಗಿಸಿದ. "ಅಕ್ಕಾ, ಏನಾದ್ರೂ ತಪ್ಪಾಗಿದ್ರೆ ಹೇಳಿ, ಸರಿ ಮಾಡ್ತೀನಿ. ಕೆಡಿಸು ಅನ್ಬೇಡಿ."

ಅವಳು ವಿಷಯ ಹೇಳಿದಳು. ಅವನು ಸೈಕಲ್ಲಿನ ಸೀಟಿನ ಮೇಲೆ ಕೈಯೂರಿ ನಿಂತ. "ಕೈಯಾಡಿಸಿ ನೋಡಿ ಅಂದೆನಲ್ಲ ನಾನು," ಎಂದ ಕೊನೆಗೆ. "ಉಬ್ಬು ಸಿಕ್ಕಿದ್ರೆ ಕಟ್ಟೆ ಕಟ್ಟಿಕೊಡ್ತೀನಿ ಅಂತ ಹಲ್ಲು ಬಿಟ್ಟೆ." ಆಮೇಲೆ ಬಾಂಡ್ಲಿ ಎತ್ತಿ ಸೈಕಲ್ಲಿಗೆ ಕಟ್ಟಿದ. "ಒಂದು ಮಾತು. ಯಾರಾದ್ರೂ ಕೇಳಿದ್ರೆ ಇದು ನಾನು ಮಾಡಿದ್ದು ಅನ್ಬೇಡಿ."

ಅತ್ತೆಯನ್ನು ಗೋಡೆಯ ಬಳಿ ನಿಲ್ಲಿಸಿದರು. ಬಹಳ ದಿನಗಳ ಮೇಲೆ ಅವರ ದನಿಗೆ ಹಳೆಯ ಖಾರ ಬಂತು. ಅಡಿಗೆಮನೆ ಬಾಗಿಲ ಪಕ್ಕ ಬಿರುಕು ಬೇಕು, ಬೆರಳು ಹೋಗುವಷ್ಟು. ಕೋಣೆ ಬಾಗಿಲ ಹತ್ತಿರ ನಿಂಬೆಹಣ್ಣು ಗಾತ್ರದ ಉಬ್ಬು. ಗೂಡು ಮತ್ತೆ ತೆಗೆಯಬೇಕು. ಮೇಸ್ತ್ರಿ ಗಾರೆ ಕಲಸಿ ಉಬ್ಬು ಇಟ್ಟ. ಕೈ ತನ್ನ ಪಾಡಿಗೆ ಅದನ್ನು ದುಂಡಗೆ ತಿರುವಿ, ಕರಣೆಯಿಂದ ಸವರಿ, ಮೊಟ್ಟೆಯ ಹಾಗೆ ಮಾಡಿತು.

"ನುಣುಪಾಯ್ತು," ಎಂದರು ಅತ್ತೆ. "ತೆಗಿ."

ಮತ್ತೆ ಇಟ್ಟ. "ಇದೂ ನುಣುಪು. ಅವಸರದಲ್ಲಿ ಓಡಿದ್ರೆ ಕೈಗೆ ಗೊತ್ತಾಗಲ್ಲ. ಒರಟಾಗಿರಲಿ."

"ಅಜ್ಜಿ, ಚೆನ್ನಾಗಿ ಮಾಡೋದು ಕಲಿಯೋಕೆ ನಮ್ಮಪ್ಪನ ಹತ್ರ ಎಷ್ಟು ಏಟು ತಿಂದಿದೀನಿ ಗೊತ್ತಾ? ಕೆಟ್ಟದಾಗಿ ಮಾಡು ಅಂದ್ರೆ ನನ್ನ ಕೈ ಬರಲ್ಲ."

"ಹಾಗಾದ್ರೆ ಸರಿ," ಎಂದು ಸೊಸೆ ಬಾಂಡ್ಲಿಗೆ ಕೈ ಹಾಕಿದಳು. ಹಿತ್ತಿಲ ಬಾಗಿಲ ಪಕ್ಕ, ಗೂಡಿಗಿಂತ ಒಂದು ಮೊಳ ಮುಂಚೆಯೇ, ಹಿಡಿ ಹಿಡಿ ಗಾರೆ ತೆಗೆದು ಗೋಡೆಗೆ ಎಸೆದಳು. ಜರಡಿಯ ಈಚೆ ಬಿದ್ದಿದ್ದ ಹರಳುಗಳನ್ನು ಅದರ ಮೇಲೆ ಒತ್ತಿದಳು. ಬಿಳಿ ಗೋಡೆಯ ಮೇಲೆ ಕಜ್ಜಿಯ ಹಾಗೆ ಕೂತಿತು. ಮೇಸ್ತ್ರಿ ಮುಖ ಬೇರೆ ಕಡೆ ತಿರುಗಿಸಿದ. ಅತ್ತೆ ಮುಟ್ಟಿ ನೋಡಿ, ಕೈ ಹಿಂದಕ್ಕೆ ಎಳೆದುಕೊಂಡು, "ಹಾಂ. ಇದು," ಎಂದರು.

ಎಲ್ಲ ಒಣಗಿದ ಮೇಲೆ ಸೊಸೆ ಒಂದು ದಿನ ತಾನೇ ಕಣ್ಣು ಮುಚ್ಚಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಅಂಗೈ ಗೋಡೆಗೆ ಕೊಟ್ಟು ನಡೆದು ನೋಡಿದಳು. ಉಬ್ಬು, ಬಿರುಕು, ಆಮೇಲೆ ಆ ಒರಟು ತೇಪೆ. ಕಾಲು ತಾನಾಗಿ ನಿಂತಿತು. ಹಿತ್ತಿಲ ಬಾಗಿಲಿಗೆ ಮಗುವಿಗೆ ಎಟುಕದ ಎತ್ತರದಲ್ಲಿ ಅಗಳಿ ಹಾಕಿಸಿದಳು, ತೊಟ್ಟಿಗೆ ಹಲಗೆ ಮುಚ್ಚಿಸಿದಳು, ತಾನಿಲ್ಲದಾಗ ಒಲೆ ಹಚ್ಚಬಾರದೆಂದು ಅತ್ತೆಯ ಜೊತೆ ಜಗಳವಾಡಿ ಒಪ್ಪಿಸಿದಳು. ಆಮೇಲೆ ಚಾಕು ಚೀಲಕ್ಕೆ ಹಾಕಿಕೊಂಡು ತೋಟಕ್ಕೆ ಹೊರಟಳು. ಊರ ಅಂಚಿನ ತನಕ ಹೋದವಳು ತಡೆಯಲಾರದೆ ತಿರುಗಿ ಬಂದು, ಚಪ್ಪಲಿ ಅಂಗಳದಲ್ಲೇ ಬಿಟ್ಟು, ಉಸಿರು ಬಿಗಿಹಿಡಿದು ಹೊಸ್ತಿಲಲ್ಲಿ ನಿಂತಳು.

ಅತ್ತೆ ಗೋಡೆ ಸವರುತ್ತ ಹೋಗುತ್ತಿದ್ದರು, ಹಿಂದೆ ಕೀಂ ಕೀಂ ಸದ್ದು. ತಿರುಗದೆಯೇ ಕೇಳಿದರು, "ಇವತ್ತೂ ಚಾಕು ಮರೆತ್ಯಾ?"

"ಇಲ್ಲ ಅತ್ತೆ."

"ಮತ್ತೆ ಹೋಗು. ಹೊತ್ತಾಯ್ತು."

ಮೇಸ್ತ್ರಿಗೂ ಅತ್ತೆಗೂ ಲೆಕ್ಕ ಮಾತ್ರ ಮುಗಿಯಲಿಲ್ಲ. ಬೀದಿಯಲ್ಲಿ ಅವನ ಸೈಕಲ್ಲಿನ ಸರಪಳಿ ಸದ್ದಾದರೆ ಜಗಲಿಯಿಂದ ಕೂಗು ಹೊರಡುತ್ತಿತ್ತು. "ಮೇಸ್ತ್ರೀ, ನಿನ್ನ ಗೋಡೇಲಿ ಉಬ್ಬು ಸಿಕ್ತು. ಕಟ್ಟೆ ಯಾವಾಗ?"

"ಅದು ನೀವೇ ಹಾಕಿಸಿದ್ದಲ್ವಾ ಅಜ್ಜಿ."

"ಯಾರು ಹಾಕಿಸಿದ್ದು ಅಂತ ಮಾತಾಗಿರಲಿಲ್ಲ. ಸಿಕ್ಕಿದ್ರೆ ಅಂತ ಮಾತು."

"ಮುಂದಿನ ವಾರ ಅಜ್ಜಿ, ಮುಂದಿನ ವಾರ."

ಬೇಸಿಗೆ ಕಾಲಿಡುವ ಮುಂಚೆ ಒಂದು ಬೆಳಿಗ್ಗೆ ಅವನು ನಿಜವಾಗಿಯೂ ಬಂದ, ಅರ್ಧ ಚೀಲ ಸಿಮೆಂಟು ಸೈಕಲ್ಲಿನ ಹಿಂದೆ ಕಟ್ಟಿಕೊಂಡು. ಅತ್ತೆ ಮಗುವನ್ನು ಮಲಗಿಸಲು ಕೋಣೆಗೆ ಹೋಗಿದ್ದರು. ಸೊಸೆ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಮೇಸ್ತ್ರಿ ಚೀಲ ಇಳಿಸಿ, ಒಗೆಯುವ ಕಲ್ಲಿನ ಕಟ್ಟೆಯ ಮುರುಕು ಅಂಚನ್ನು ಸುತ್ತಿಗೆಯಿಂದ ತಟ್ಟಿ ನೋಡಲು ಬಾಗಿದ.

"ತಡೀರಿ," ಎಂದಳು ಸೊಸೆ.

ಬೆಳಗಿನ ಓರೆ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಒಡೆದ ಅಂಚಿನುದ್ದಕ್ಕೂ, ತೊಟ್ಟಿಯ ಪಕ್ಕಕ್ಕೆ ತಿರುಗುವ ಜಾಗದವರೆಗೆ, ಹಳೆಯ ಗೋಡೆಯ ಮೇಲಿದ್ದಂಥದೇ ಅಂಗೈ ಅಗಲದ ಹೊಳಪು. ಇಲ್ಲೇ ಅವಳು ದಿನವೂ ಬಟ್ಟೆ ಒಗೆಯುತ್ತಿದ್ದಳು. ಎಲ್ಲ ಗೊತ್ತಾದ ಮೇಲೂ ಇಷ್ಟು ತಿಂಗಳು ಇಲ್ಲೇ ನಿಂತು ಒಗೆದಿದ್ದಳು, ಕಂಡಿರಲಿಲ್ಲ. ಅವಳು ತನ್ನ ಅಂಗೈಯನ್ನು ಆ ಹೊಳಪಿನ ಮೇಲೆ ಇಟ್ಟಳು.

"ಏನಕ್ಕಾ?"

"ಬೇಡ ಮೇಸ್ತ್ರಿ. ಚೀಲ ತಗೊಂಡು ಹೋಗಿ."

"ಕೊಟ್ಟ ಮಾತು ಅಕ್ಕಾ. ಅಜ್ಜಿ ದಿನಾ ಬೀದೀಲಿ ಮಾನ ತೆಗೀತಾರೆ."

"ತೆಗೀಲಿ," ಎಂದಳು. "ನೀವು ಮುಂದಿನ ವಾರ ಅಂತಲೇ ಹೇಳ್ತಾ ಇರಿ."